ಉದ್ದ ಗ್ಲಾಸಿನ ಚಹಾ

ಮೂವತ್ತೆರಡು ವರ್ಷ ಧಾರವಾಡದ ಬಿ.ಎಡ್. ಕಾಲೇಜಿನಲ್ಲಿ ಮಕ್ಕಳ ಮನಶ್ಶಾಸ್ತ್ರ ಪಾಠ ಮಾಡಿದವನು ನಾನು. ಮಕ್ಕಳ ತಲೆಯಲ್ಲಿ ಏನು ಓಡುತ್ತದೆಂದು ನನಗೆ ಗೊತ್ತಿರುವಷ್ಟು ಅವರ ತಾಯಂದಿರಿಗೂ ಗೊತ್ತಿಲ್ಲ ಎಂದು ಸೊಸೆಯ ಎದುರಿಗೇ ಹೇಳಿ ಬೈಸಿಕೊಂಡಿದ್ದೇನೆ.

ಮೊಮ್ಮಗಳು ಪ್ರಾಚಿಗೆ ಐದು ವರ್ಷವಿದ್ದಾಗ ಹಾಲೆಂದರೆ ಅಳು. ಒಂದು ದಿನ ಅವಳ ಉದ್ದ ಗ್ಲಾಸಿನ ಹಾಲನ್ನು ಅಗಲ ಬಟ್ಟಲಿಗೆ ಸುರಿದು, "ಈಗ ಎಷ್ಟದ?" ಎಂದೆ.

"ಸ್ವಲ್ಪೇ ಅದ ಅಜ್ಜಾ," ಎಂದು ಗಟಗಟ ಕುಡಿದಳು.

ಈ ವಯಸ್ಸಿನವರು ಎತ್ತರ ಮಾತ್ರ ನೋಡುತ್ತಾರೆ, ಪಾತ್ರೆ ಬದಲಾದರೂ ಹಾಲು ಅಷ್ಟೇ ಎಂಬುದು ಅವರಿಗೆ ತಿಳಿಯುವುದಿಲ್ಲ ಎಂದು ಹೆಂಡತಿ ಸುಲಭಾಗೆ ಅರ್ಧ ತಾಸು ವಿವರಿಸಿದೆ. ಅವಳು ನನ್ನ ಪಾಠ ಗಮನವಿಟ್ಟು ಕೇಳಿದ್ದು ಅದೇ ಮೊದಲು. ಆಗಲೇ ನನಗೆ ಸಂಶಯ ಬರಬೇಕಿತ್ತು.

ಹೋದ ವರ್ಷ ನನಗೆ ಶುಗರ್ ಬಂತು. ಮುಂಜಾನೆ ಅರ್ಧ ಕಪ್ಪು ಚಹಾ ಸಾಕು ಎಂದರು ಡಾಕ್ಟರು. ಅರ್ಧ ಕಪ್ಪು! ಕಪ್ಪಿನ ಕೆಳಗಿನ ಬಸಿ ಕೂಡ ತುಂಬದ ಚಹಾ ಕುಡಿದು ನಮ್ಮ ಕೇಶ್ವಾಪುರ ಬಡಾವಣೆಯಲ್ಲಿ ಮರ್ಯಾದೆಯಿಂದ ಬದುಕುವುದು ಹೇಗೆ? ಮೂರು ದಿನ ಮನೆಯಲ್ಲಿ ಮಾತು ಬಿಟ್ಟೆ. ನಾಲ್ಕನೆಯ ದಿನ ಸುಲಭಾ ಉದ್ದನೆಯ ಹೊಸ ಗ್ಲಾಸಿನಲ್ಲಿ ಅಂಚಿನವರೆಗೆ ಚಹಾ ತುಂಬಿ ತಂದಿಟ್ಟಳು.

"ತೊಗೋರಿ, ಪೂರಾ ತುಂಬಿ ಕೊಟ್ಟೇನಿ. ಡಾಕ್ಟರ್ ಮುಂದ ಬಾಯಿ ಬಿಡಬ್ಯಾಡ್ರಿ ಮತ್ತ."

ಗೆದ್ದೆ. ವರ್ಷವಿಡೀ ದಿನಾ ಗೆದ್ದೆ. ವಾಕಿಂಗಿಗೆ ಜೊತೆಯಾಗುವ ಮುರುಗೆಪ್ಪನಿಗೆ, ಹೆಂಡತಿಯನ್ನು ದಾರಿಗೆ ತರುವುದು ಹೇಗೆಂದು ಉಪದೇಶ ಬೇರೆ ಮಾಡಿದೆ.

ನಿನ್ನೆ ಮುಂಜಾನೆ ಗ್ಲಾಸು ಕೈ ಸುಟ್ಟಿತು. ಈಗ ಏಳು ತುಂಬಿರುವ ಪ್ರಾಚಿ ಪಕ್ಕದಲ್ಲೇ ಇದ್ದಳು. "ತಡಿ ಅಜ್ಜಾ, ಆರಿಸಿ ಕೊಡ್ತೇನಿ," ಎಂದು ನನ್ನ ಹಳೆಯ ಕಪ್ಪು ತಂದು ಅದಕ್ಕೆ ಚಹಾ ಸುರಿದಳು. ಗ್ಲಾಸು ಖಾಲಿಯಾಯಿತು. ಕಪ್ಪು ಅರ್ಧಕ್ಕೇ ನಿಂತಿತು. ಒಂದು ಹನಿಯೂ ಚೆಲ್ಲಿರಲಿಲ್ಲ.

"ಸುಲಭಾ! ಉಳಿದ ಚಹಾ ಎಲ್ಲಿ ಹೋತು?" ಎಂದು ಕೂಗಿದೆ.

ಪ್ರಾಚಿ ನನ್ನನ್ನು ಕನಿಕರದಿಂದ ನೋಡಿದಳು. "ಎಲ್ಲೂ ಹೋಗಿಲ್ಲ ಅಜ್ಜಾ. ಗ್ಲಾಸು ಉದ್ದ ಅದ, ಖರೇ, ಆದ್ರ ಎಷ್ಟು ಸಪೂರ ಅದ ನೋಡು. ಮೊದಲಿಂದಾನೂ ಚಹಾ ಇಷ್ಟೇ ಇತ್ತು. ನಿನಗ ಇನ್ನೂ ತಿಳಿದಿದ್ದಿಲ್ಲೇನು?"

ಅಡುಗೆಮನೆಯಿಂದ ಸುಲಭಾಳ ನಗು ಕೇಳಿಸಿತು. "ನೀವಽ ಕಲಿಸಿದ ಪಾಠರೀ ಅದು!"

ಮೂವತ್ತೆರಡು ವರ್ಷದ ಸರ್ವಿಸು ನೀರುಪಾಲಾಯಿತು. ಆದರೆ ಅದಕ್ಕಿಂತ ಆ ಅರ್ಧ ಕಪ್ಪು ನೋಡಿಯೇ ನನಗೆ ಹೆಚ್ಚು ಅಳು ಬಂತು.

"ಪ್ರಾಚಿ," ಎಂದೆ ಮೆತ್ತಗೆ, "ಲಗೂನ ಮತ್ತ ಗ್ಲಾಸಿನ್ಯಾಗ ಹಾಕವಾ. ಅದರಾಗ ಭಾಳ ಇತ್ತು."