ಪೂಜೆಗೆ ಕೊಟ್ಟ ಗಾಡಿ

ಅಕ್ಕನ ಮನೆಯ ಬಾವಿಯ ಹತ್ತಿರ ನಾನು ಸ್ಕೂಟಿ ತೊಳೆಯುತ್ತಿದ್ದೆ. ಅಕ್ಕ ಸುಗುಣ ಕೊಡಪಾನದಿಂದ ನೀರು ಹೊಯ್ಯುತ್ತಿದ್ದಳು. ಮಡ್‌ಗಾರ್ಡಿನ ಅಡಿಯಲ್ಲಿ ಮಳೆಗಾಲದ ಕೆಸರು ಗಟ್ಟಿಯಾಗಿ ಅಂಟಿತ್ತು. ತೆಂಗಿನ ನಾರಿನಿಂದ ಉಜ್ಜಿದೆ. ಸೀಟಿನ ಮೂಲೆ ಹರಿದಿತ್ತು. ನನ್ನ ಹತ್ತಿರ ಇದ್ದಾಗ ಹರಿದಿರಲಿಲ್ಲ.

ಗಾಡಿ ನನ್ನದು. ಬ್ಲೌಸ್ ಹೊಲಿದು ತೆಗೆದುಕೊಂಡದ್ದು. ಬೇಸಿಗೆಯಲ್ಲಿ ಭಾವ ರಾಘವೇಂದ್ರ, ತಮ್ಮ ಬೈಕ್ ಕೆಟ್ಟಿದೆ, ಎರಡು ದಿನದ ಮಟ್ಟಿಗೆ ಸಾಕು ಎಂದು ಕಿರಿಮಂಜೇಶ್ವರದ ನಮ್ಮ ಮನೆಯಿಂದ ಬಿಜೂರಿಗೆ ತಂದಿದ್ದರು. ನವರಾತ್ರಿ ಬಂದರೂ ಕೊಟ್ಟಿರಲಿಲ್ಲ.

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ನಾಲ್ಕು ಜನರ ಎದುರು ನಿಂತರೆ ನಾಲಗೆ ಒಣಗುತ್ತದೆ. ಸ್ಕೂಟಿ ಇದ್ದಾಗ ಯಾರ ಹತ್ತಿರವೂ ಏನೂ ಹೇಳಬೇಕಾಗಿರಲಿಲ್ಲ. ಮನೆಮನೆಗೆ ಹೋಗಿ ಅಳತೆ ತೆಗೆದುಕೊಂಡು, ಹೊಲಿದದ್ದು ಕೊಟ್ಟು ಬರುತ್ತಿದ್ದೆ. ಈಗ ಬಸ್‌ಸ್ಟಾಪಿನಲ್ಲಿ ಗಂಡಸರ ಮಧ್ಯೆ ಕಾಯಬೇಕು. ಕಂಡಕ್ಟರ್ ಎರಡು ಸಲ ಕೇಳಿದ ಮೇಲೆ ಊರಿನ ಹೆಸರು ಬಾಯಿಂದ ಹೊರಡುತ್ತದೆ. ದೂರದ ಗಿರಾಕಿಗಳು ಒಬ್ಬೊಬ್ಬರೇ ಬೇರೆ ಕಡೆ ಕೊಡತೊಡಗಿದ್ದರು. ಹೀಗೇ ಆದರೆ ಮಿಷನ್ನಿಗೆ ಬಟ್ಟೆ ಹೊದಿಸಿ ಇಡುವುದೊಂದೇ ಬಾಕಿ.

ಕೇಳಲಿಲ್ಲ ಅಂತಲ್ಲ, ಕೇಳಿದ್ದೆ. ಚೌತಿಗೆ ಇಲ್ಲಿಗೆ ಬಂದಾಗ ಧೈರ್ಯ ಮಾಡಿ, "ಭಾವ, ಗಾಡಿ..." ಎಂದೆ.

"ನಿಂಗೆಂತಕೆ ಗಾಡಿ ಹೆಣ್ಣೆ?" ಎಂದು ಭಾವ ನಕ್ಕಿದ್ದರು. "ನಿನ್ನ್ ಹೊಲಿಗೆ ಮಿಷನ್ನಿಗೂ ಪೆಡಲ್ ಇತ್ತಲೆ? ಅದನ್ನೇ ತುಳಿ, ಕುಂದಾಪುರ ಮುಟ್ತೆ!"

ಎಲ್ಲರೂ ನಕ್ಕರು. ಕೀ ಅವರ ಅಂಗಿಯ ಜೇಬಿನಲ್ಲಿತ್ತು. ಅದರ ಆಕಾರ ಬಟ್ಟೆಯ ಮೇಲೆ ಎದ್ದು ಕಾಣುತ್ತಿತ್ತು. ಭಾವ ಮಲಗುವಾಗಲೂ ಅದನ್ನು ಹೊರಗಿಡುವುದಿಲ್ಲ ಎಂದು ಅಕ್ಕ ಹೇಳಿದ್ದಳು. ಮನೆಗೆ ಬಂದು ಅಮ್ಮನಿಗೆ ಹೇಳಿದರೆ, "ಒಂದ್ ಗಾಡಿ ಸಲುವಾಯಿ ಅಕ್ಕನ ಸಂಸಾರದಂಗೆ ಜಗಳ ಹಾಕ್ಬೇಡ" ಎಂದಳು.

ಇವತ್ತು ಆಯುಧಪೂಜೆ. ನಿನ್ನೆ ಭಾವನೇ ಫೋನ್ ಮಾಡಿ ನನ್ನನ್ನು ಕರೆಸಿದ್ದರು. ಅವರ ತಂಗಿಗೆ ಹೆರಿಗೆಯಾಗಿ ಅವರ ಬಳಿಗೆಲ್ಲ, ಅಂದರೆ ಕುಲದವರಿಗೆಲ್ಲ, ಸೂತಕ. ದೇವಸ್ಥಾನದ ಮೆಟ್ಟಿಲು ಹತ್ತುವಂತಿಲ್ಲ, ಪೂಜೆಗೆ ಹೋಗುವ ಗಾಡಿ ಮುಟ್ಟುವಂತಿಲ್ಲ. ನಮ್ಮಲ್ಲಿ ಬಳಿ ಬರುವುದು ತಾಯಿಯಿಂದ. ಹಾಗಾಗಿ ಗಂಡನ ಸೂತಕ ಅಕ್ಕನಿಗೆ ಇಲ್ಲ. ಆದರೆ ಅಕ್ಕನಿಗೆ ಗಾಡಿ ಬಿಡಲು ಬರುವುದಿಲ್ಲ. ಹೋದ ವರ್ಷ ಪೂಜೆ ತಪ್ಪಿಸಿದ್ದಕ್ಕೇ ಬೈಕ್ ಕೈಕೊಟ್ಟಿತು ಎಂದು ಭಾವ ಗಟ್ಟಿಯಾಗಿ ನಂಬಿದ್ದರು. ಈ ವರ್ಷ ಹಾಗಾಗಬಾರದು.

ತೊಳೆದಾದ ಮೇಲೆ ಭಾವ ಕೀಯನ್ನು ಜಗಲಿಯ ಮೇಲೆ ಇಟ್ಟು ಹಿಂದೆ ಸರಿದರು.

"ಸೂತಕದ ಕೈ, ಮುಟ್ಟಿ ಕೊಡೂಕಾತಿಲ್ಲ. ನೀರ್ ಹಾಕಿ ತಕೋ. ಉಪ್ಪುಂದದ ದೇವಸ್ಥಾನದಂಗೆ ಪೂಜೆ ಮಾಡ್ಸ್ಕಂಡ್ ಸೀದಾ ಬನಿ."

"ಹ್ವಾಯ್, ಅಲ್ಲಿ ಲಾರಿಯವ್ರ್ ಸಾಲ್ ನಿಂತಿರ್ತ್ರ್" ಎಂದಳು ಅಕ್ಕ, ಕೊಡಪಾನ ಬೋರಲು ಹಾಕುತ್ತ. "ನಮ್ಮೂರಂಗೆ ಆರೆ ಬೇಗ ಆತ್ತ್. ಅಮ್ಮನ್ನೂ ಕಂಡ್ಕಂಡ್ ಬಪ್ಪುಕಾತ್ತ್."

ನಾನು ಅಕ್ಕನ ಮುಖ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

ಕೀ ತೆಗೆದುಕೊಂಡೆ. ಒದ್ದೆಯಾಗಿತ್ತು. ಹೆದ್ದಾರಿಗೆ ಬರುವವರೆಗೂ ಭಾವ ಹಿಂದಿನಿಂದ ಓಡಿ ಬರುತ್ತಾರೇನೋ ಅನಿಸುತ್ತಿತ್ತು. ಅಕ್ಕ ಹಿಂದೆ ಕೂತು ನನ್ನ ಸೊಂಟ ಗಟ್ಟಿಯಾಗಿ ಹಿಡಿದಿದ್ದಳು.

ಕಿರಿಮಂಜೇಶ್ವರದಲ್ಲಿ ನಮ್ಮೂರ ದೇವಸ್ಥಾನದ ಎದುರು ರಿಕ್ಷಾ, ಜೀಪು, ಒಂದು ಟಿಲ್ಲರ್ ಕೂಡ ನಿಂತಿತ್ತು. ಭಟ್ಟರು ಕೀಗಳನ್ನೆಲ್ಲ ಹರಿವಾಣದಲ್ಲಿ ಒಟ್ಟು ಮಾಡಿ ಒಳಗೆ ಒಯ್ದು, ಆಮೇಲೆ ಒಂದೊಂದಕ್ಕೂ ಹೆಸರು ಕೇಳಿ ಪ್ರಸಾದದ ಜೊತೆ ಕೊಡುತ್ತಿದ್ದರು. ನನ್ನ ಸರದಿ ಬಂತು.

"ಈ ಗಾಡಿ ಯಾರದ್ದು?"

ನಾನು ಏನೋ ಅಂದೆ. ನನಗೇ ಕೇಳಲಿಲ್ಲ.

"ಗಟ್ಟಿ ಹೇಳ್ ಮಗಾ. ಜಾಗಟೆ ಹೊಡಿತಾ ಇದ್ರಲೆ."

ಅಕ್ಕ ಹೇಳಿಬಿಡಬಹುದಿತ್ತು. ಬಾಯಿ ಮುಚ್ಚಿ ನಿಂತಳು. ಹಿಂದಿನ ರಿಕ್ಷಾದವರು ಕಾಯುತ್ತಿದ್ದರು.

"ನಂದ್!" ಎಂದೆ. "ರತ್ನ. ನನ್ನ ಹೆಸ್ರಲ್ಲೇ ಮಾಡಿ."

ಟಿಲ್ಲರಿನ ಅಜ್ಜ ತಿರುಗಿ ನೋಡಿದರು. ಅಷ್ಟು ಜೋರಾಗಿ ಹೇಳಿದ್ದೆ. ಭಟ್ಟರು ನನ್ನ ಹೆಸರು ಹೇಳಿ ಮಂತ್ರ ಮುಗಿಸಿ, ಗಂಧ ಹಚ್ಚಿದ ಕೀಯನ್ನು ನನ್ನ ಅಂಗೈಯಲ್ಲಿ ಇಟ್ಟರು.

ಹೊರಗೆ ಬಂದು ಗಾಡಿಗೆ ಚೆಂಡುಹೂವಿನ ಮಾಲೆ ಕಟ್ಟುವಾಗ ಅಕ್ಕ ಹೇಳಿದಳು, "ನನ್ನನ್ ಬಸ್‌ಸ್ಟಾಪಿಗೆ ಬಿಡ್."

"ಅಮ್ಮನ್ ಕಾಂತಿಲ್ಯಾ?"

"ಇನ್ನೊಂದ್ ದಿನ ಬತ್ತೆ. ಈಗ ಬಸ್ಸಂಗೆ ಹೋತೆ."

"ಭಾವ ಬೈತ್ರ್ ಅಕ್ಕ."

"ಬೈಲಿ. ಅವ್ರದ್ದ್ ಬಾಯಿ ಮಾತ್ರ, ಮತ್ತೆಂತ ಇಲ್ಲ. ಬೈಕ್ ರಿಪೇರಿಗೆ ಕೊಡಿ ಅಂದ್ ನಾನ್ ಹೇಳ್ ಹೇಳಿ ಸಾಕಾಯ್ತ್. ಈ ಗಾಡಿ ಇಪ್ಪಷ್ಟ್ ದಿನ ಅವ್ರ್ ಆ ಬೈಕ್ ಎತ್ತೂದಿಲ್ಲ." ಮಾಲೆಯ ಗಂಟು ಬಿಗಿದು, "ಅವ್ರೇ ಕೊಟ್ಟದ್ದಲ್ದಾ? ನಾವೇನ್ ಕದ್ದಿತ್ತಾ?" ಎಂದು ನಕ್ಕಳು. ನನಗೂ ನಗು ಬಂತು.

ಬಸ್ಸು ಹತ್ತಿದ ಅಕ್ಕ ಕಿಟಕಿಯಿಂದ ಕೈ ಮಾಡಲಿಲ್ಲ. ಸೆರಗು ಸರಿಮಾಡಿಕೊಂಡು ನೇರ ಕೂತಳು. ನಾನು ಸೀದಾ ಮನೆಗೆ ಹೋಗಲಿಲ್ಲ. ಸಮುದ್ರದ ದಾರಿಯಲ್ಲಿ ಒಂದು ಸುತ್ತು ಹೊಡೆದೆ, ಸುಮ್ಮನೆ.

ಅಂಗಳದಲ್ಲಿ ಗಾಡಿ ನೋಡಿ ಅಮ್ಮ ಹೊರಗೆ ಬಂದಳು. ಅದರ ಸುತ್ತ ಒಮ್ಮೆ ನಡೆದಳು. ಹರಿದ ಸೀಟಿನ ಮೇಲೆ ಕೈ ಆಡಿಸಿ, "ಇದನ್ ನಿಂಗೇ ಹೊಲುಕಾತ್ತಾ?" ಎಂದಳು. "ಆತ್ತ್" ಎಂದೆ.

ಸಂಜೆ ಅಮ್ಮ ಬಸಳೆ ಸೋಸುತ್ತಿದ್ದಾಗ ಅವಳ ಮೊಬೈಲು ಬಡಿದುಕೊಂಡಿತು. ಭಾವನ ಹೆಸರು ನೋಡಿ, ಗುಂಡಿ ಒತ್ತಿ, ನಮ್ಮಿಬ್ಬರ ನಡುವೆ ನೆಲದ ಮೇಲೆ ಇಟ್ಟಳು. ಭಾವನ ದನಿ ದೊಡ್ಡದು, ಸ್ಪೀಕರ್ ಬೇಕಾಗಿರಲಿಲ್ಲ. ಮೊದಲು ನಗುತ್ತ ಶುರು ಮಾಡಿದರು, ಆಮೇಲೆ ಬೈದರು, ಆಮೇಲೆ ಅದೂ ಮುಗಿಯಿತು. ಅಮ್ಮ ನನ್ನ ಮುಖ ನೋಡಿದಳು, ಮತ್ತೆ ಬಸಳೆ ದಂಟು ಮುರಿಯತೊಡಗಿದಳು.

"ಅತ್ತೆ? ರತ್ನ?" ಎಂದರು ಭಾವ ಆ ಕಡೆಯಿಂದ, ದನಿ ತಗ್ಗಿಸಿ. "ನಾಳೆ ಒಂದ್ ದಿನದ ಮಟ್ಟಿಗೆ ಗಾಡಿ ತಂದ್ ಕೊಡಿ, ಸಾಕ್."