ನಿಂತು ನಿಂತು ಓಡುವ ಆಟ

ಹನೂರಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಮಲಗುವ ಸೊಸೆಯರಿದ್ದಾರೆ, ಟೀವಿ ನೋಡುವ ಸೊಸೆಯರಿದ್ದಾರೆ. ಗೊಬ್ಬರದಂಗಡಿ ಮಹದೇವಪ್ರಸಾದನ ಹೆಂಡತಿ ಮಾಲಿನಿ ಮಾತ್ರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೋಟೆ ಕಾಯುತ್ತಾಳೆ. ನಗುವವರು ನಗಲಿ ಬಿಡಿ. ಈ ಕಡೆ ಐದು ಜನ, ಆ ಕಡೆ ಐದು ಜನ, ಅವರವರ ಊರಲ್ಲೇ ಕೂತು ಆನ್‌ಲೈನಿನಲ್ಲಿ ಆಡುವ ಆಟ ಅದು. ಕೋಟೆ ಬಾಗಿಲಿಗೆ ಮಾಲಿನಿ ನಿಂತಳೆಂದರೆ ಎದುರಾಳಿಗಳು ಬೇರೆ ದಾರಿ ಹುಡುಕಬೇಕಿತ್ತು.

ಅವಳ ಕಂಪ್ಯೂಟರ್ ಮೊದಲು ಗೊಬ್ಬರದಂಗಡಿಯದು. ಅಲ್ಲಿಗೆ ಹೊಸ ಲ್ಯಾಪ್‌ಟಾಪ್ ಬಂದ ಮೇಲೆ, ಬಿಲ್ಲು ಹೊಡೆದು ಹೊಡೆದು ಸುಸ್ತಾಗಿದ್ದ ಹಳೆಯದು ಮನೆ ಸೇರಿತು. ಹೆಂಡತಿಗೆ ಅದರ ಮೇಲೆ ಆಸೆಯಿರುವುದು ಕಂಡು ಮಹದೇವಪ್ರಸಾದನೇ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಟ್ಟ. ಬಂಡಳ್ಳಿಯಿಂದ ಮದುವೆಯಾಗಿ ಬಂದವಳಿಗೆ ಈ ಊರಿನಲ್ಲಿ ಹೆಸರೇ ಇರಲಿಲ್ಲ. ಬೀದಿಗೆ ಹೋದರೆ ಪ್ರಸಾದಣ್ಣನ ಹೆಂಡ್ತಿ, ದೇವಸ್ಥಾನಕ್ಕೆ ಹೋದರೆ ಬಸವಮ್ಮನ ಸೊಸೆ. ಆಟದ ತಂಡದಲ್ಲಿ ಮಾತ್ರ ಅವಳು ಮಾಲಿನಿ. ‘ಮಾಲಿನಿಯಕ್ಕ ಇದ್ರೆ ಬಾಗ್ಲು ಭದ್ರ’ ಎಂದು ತಂಡದ ಕ್ಯಾಪ್ಟನ್ ರಾಣಿ ಕೊಳ್ಳೇಗಾಲದಿಂದ ಹೇಳಿದ ದಿನ, ಖುಷಿಯಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು.

ಅತ್ತೆ ಬಸವಮ್ಮನಿಗೆ ಈ ಆಟದ ತಲೆಬುಡ ತಿಳಿಯುತ್ತಿರಲಿಲ್ಲ. “ಅದ್ರ ಮುಂದೆ ಕೂತ್ಕಂಡು ಯಾರ್ ಜೊತೆ ಜಗ್ಳ ಆಡ್ತಿಯವ್ವಾ? ಮನೇಲಿ ನಾನಿಲ್ವಾ?” ಎಂದು ಕೇಳುತ್ತಿದ್ದಳು. ಮಾಲಿನಿಗೆ ಅದು ತಮಾಷೆಯೋ ಚುಚ್ಚುಮಾತೋ ಎಂಬುದು ಇನ್ನೂ ಗೊತ್ತಾಗಿರಲಿಲ್ಲ.

ಹೀಗಿರುವಾಗ ಆಟ ನಿಂತು ನಿಂತು ಓಡಲು ಶುರುವಾಯಿತು. ಮೊದಮೊದಲು ಸರಿಯಾಗಿಯೇ ಇರುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಪರದೆಯ ಚಿತ್ರ ಅಂಟಿಕೊಳ್ಳುತ್ತದೆ. ಅದು ಬಿಡಿಸಿಕೊಳ್ಳುವಷ್ಟರಲ್ಲಿ ಎದುರಾಳಿ ಕೋಟೆಯೊಳಗೆ. ತಂಡ ಹಾಗೆ ಮೊದಲ ಸಲ ಸೋತ ದಿನ ಮಾಲಿನಿ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಆಮೇಲೂ ಸೋತರು. ಕೊನೆಗೆ ಗುರುವಾರ ರಾಣಿ ಫೋನ್ ಮಾಡಿದಳು.

“ಬೇಜಾರ್ ಮಾಡ್ಕಬೇಡಿ ಅಕ್ಕ. ಭಾನುವಾರದ ಮ್ಯಾಚ್ ಗೆದ್ರೆ ಮೈಸೂರಲ್ಲಿ ಫೈನಲ್. ಅವತ್ತೂ ಹಿಂಗೇ ಲ್ಯಾಗ್ ಆಗಿ ನಿಂತ್ರೆ ನಿಮ್ ಜಾಗುಕ್ಕೆ ಬೇರೆಯವ್ರನ್ನ ತಕೋಬೇಕಾಯ್ತದೆ. ಹುಡ್ಗೀರೆಲ್ಲ ಅದ್ನೇ ಹೇಳ್ತಾವ್ರೆ.”

ಮಾಲಿನಿ ‘ಆಯ್ತು’ ಎಂದಳು. ಮತ್ತೆ ಬಚ್ಚಲುಮನೆ, ಮತ್ತೆ ನಲ್ಲಿ.

ಅವಳು ಮಾಡದೆ ಬಿಟ್ಟ ಪ್ರಯತ್ನವಿಲ್ಲ. ವೈಫೈ ಬೇಡವೆಂದು ನಡುಮನೆಯ ರೂಟರಿನಿಂದ ಬಾಗಿಲ ಚೌಕಟ್ಟಿನ ಮೇಲೆ ಕೇಬಲ್ ಎಳೆದಳು. ಅಂಗಡಿ ಕಾಲದ ಬಿಲ್ಲಿನ ಸಾಫ್ಟ್‌ವೇರು ಕರೆಯದೆ ಬಂದ ನೆಂಟನ ಹಾಗೆ ತಾನಾಗಿ ಎದ್ದು ಕೂರುತ್ತಿತ್ತು, ಅದನ್ನು ತೆಗೆದುಹಾಕಿದಳು. ಮರಗಿಡಗಳ ನೆರಳು ಸಹ ಬೇಡವೆಂದು ಆಟದ ಅಂದಚಂದವನ್ನೆಲ್ಲ ಕಡಿಮೆ ಮಾಡಿಟ್ಟಳು. ಏನೂ ಉಪಯೋಗವಾಗಲಿಲ್ಲ. ಆದರೆ ಒಂದು ವಿಷಯ ಅವಳ ಕಣ್ಣಿಗೆ ಬಿತ್ತು. ಇಲ್ಲಿಂದ ಹೋದ ಸಂದೇಶ ಆಟದ ಸರ್ವರ್ ಮುಟ್ಟಿ ವಾಪಸ್ಸು ಬರುವ ಹೊತ್ತಿಗೆ ಪಿಂಗ್ ಅನ್ನುತ್ತಾರೆ. ಚಿತ್ರ ಅಂಟಿಕೊಂಡಾಗಲೂ ಆ ಪಿಂಗ್ ಏರುತ್ತಿರಲಿಲ್ಲ. ಅಂದರೆ ತಪ್ಪು ನೆಟ್ಟಿನದಲ್ಲ. ಸಿಪಿಯು ಡಬ್ಬದ ಮೇಲೆ ಕೈಯಿಟ್ಟು ನೋಡಿದಳು, ಕಾದ ಹೆಂಚಿನ ಹಾಗಿತ್ತು. ಬಿಸಿ ತಡೆಯಲಾರದೆ ಅದು ತಾನೇ ನಿಧಾನ ಮಾಡಿಕೊಳ್ಳುತ್ತಿತ್ತು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಸ್ಕ್ರೂ ಬಿಚ್ಚಿ ಡಬ್ಬದ ಪಕ್ಕೆ ತೆಗೆದಳು. ಒಳಗಿನ ಫ್ಯಾನಿನ ರೆಕ್ಕೆಗಳಿಗೆ ಬೂದುಬಣ್ಣದ ಮೆತ್ತೆ ಕೂತಿತ್ತು, ಸಂದಿಯಲ್ಲಿ ಒಣಗಿದ ಕಣಗಿಲೆ ಎಸಳು ಬೇರೆ. ಬೆರಳಲ್ಲಿ ಕೆರೆದು ಮೂಸಿದಳು. ವಿಭೂತಿ, ಅದರ ಜೊತೆ ಸಾಂಬ್ರಾಣಿ.

“ಅತ್ತೆ, ಇದ್ರೊಳಕ್ಕೆ ವಿಭೂತಿ ಹಾಕಿದ್ದು ಯಾರು?”

ಬಸವಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. “ನಾನೇ. ಯಾಕವ್ವ?”

“ಆಯುಧಪೂಜೇಲಿ ಒಂದಿನ ಇಟ್ರಿ, ಸರಿ. ಇದು ಒಂದಿನದ್ದಲ್ಲ.” ಮಾಲಿನಿಯ ದನಿ ಏರಿತು. “ನಾನು ಆಡೋದು ನಿಮ್ಗೆ ಆಗ್ಬರಲ್ಲ ಅಂತ ಬಾಯ್ಬಿಟ್ಟು ಹೇಳ್ಬೋದಿತ್ತಲ್ಲ. ಹಿಂಗೆ ಹಾಳ್ ಮಾಡ್ಬೇಕಿತ್ತಾ?”

ಬಸವಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಸೊಸೆ ಈ ಮನೆಗೆ ಬಂದ ಮೇಲೆ ಇಷ್ಟು ಗಟ್ಟಿಯಾಗಿ ಮಾತಾಡಿದ್ದೇ ಇಲ್ಲ.

“ಮೊದ್ಲು ಸೋಮವಾರ ಸೋಮವಾರ ಮಾತ್ರ ಇಕ್ತಿದ್ದೆ ಕಣವ್ವ,” ಎಂದಳು ನಿಧಾನವಾಗಿ. “ಅಂಗ್ಡಿ ತಕ್ಕಡಿಗೂ ಇಕ್ಕಲ್ವಾ, ಅಂಗೆ. ಆಮೇಕೆ ನೀನು ಬಚ್ಚುಲ್ಮನೇಲಿ ಅಳೋದು ಕೇಳುಸ್ತು. ಅವತ್ತಿಂದ ದಿನಾ ಇಕ್ಕುದೆ. ಗುರುವಾರ್ದಿಂದ ಎರಡೊತ್ತೂ. ಮಾದಪ್ಪಾ, ನಮ್ ಕೂಸಿನ ಮಿಷನ್ ನಿಲ್ಲುಸ್ಬೇಡ ಕಣಪ್ಪಾ ಅಂತ. ನೀನು ಸ್ನಾನಕ್ಕೋದಾಗ ಮಿಷನ್ ಓಡ್ತಿರ್ತದಲ್ಲ, ಗಾಳಿ ಎಳ್ಕಳೋ ಆ ತೂತಿನ ತಾವ್ಲೇ ವಿಭೂತಿ ಇಕ್ಕಿ ಧೂಪ ಇಡೀತಿದ್ದೆ. ಒಗೆನೆಲ್ಲ ಒಳಿಕೆ ಎಳ್ಕತಿತ್ತು. ದೇವ್ರು ತಕಂತಾವ್ನೆ ಅಂದ್ಕಂಡೆ.”

ಇದೊಳ್ಳೆ ಕತೆಯಾಯಿತಲ್ಲ. ಆಟ ನಿಂತಷ್ಟೂ ಇವಳು ಅತ್ತಳು, ಇವಳು ಅತ್ತಷ್ಟೂ ಅವಳು ವಿಭೂತಿ ಇಟ್ಟಳು, ವಿಭೂತಿ ಬಿದ್ದಷ್ಟೂ ಆಟ ನಿಂತಿತು. ಮಾಲಿನಿಗೆ ಆಡಿದ ಮಾತಿಗೆ ನಾಚಿಕೆಯಾಯಿತು. ಈ ಮನೆಯಲ್ಲಿ ತನ್ನ ಅಳು ಒಬ್ಬರಿಗೆ ಕೇಳಿಸುತ್ತಿತ್ತು ಎಂದು ತಿಳಿದು, ತಡೆದರೂ ನಿಲ್ಲದೆ ಕಣ್ಣು ತುಂಬಿತು.

“ಫ್ಯಾನಿಗೆ ಉಸಿರು ಕಟ್ಕಂಡದೆ ಅತ್ತೆ, ಅಷ್ಟೇ. ತಪ್ಪು ತಿಳ್ಕಂಡೆ. ಬನ್ನಿ, ಇಡ್ಕಳಿ ಬನ್ನಿ.”

ಬಸವಮ್ಮ ಫ್ಯಾನಿನ ರೆಕ್ಕೆ ತಿರುಗದ ಹಾಗೆ ಒಂದು ಬೆರಳಲ್ಲಿ ಹಿಡಿದಳು. ಮಾಲಿನಿ ಬಣ್ಣದ ಬ್ರಶ್ಶಿನಲ್ಲಿ ಕೆರೆದು, ಸೈಕಲ್ ಪಂಪಿನಿಂದ ಗಾಳಿ ಹೊಡೆದಳು. ಅಷ್ಟು ದಿನದ ಪೂಜೆಯೆಲ್ಲ ಎದ್ದು ಇಬ್ಬರ ಮುಖಕ್ಕೂ ಬಂತು. ಬಸವಮ್ಮ ಸೀನಿ ಸೀನಿ ನಕ್ಕಳು.

ಮಧ್ಯಾಹ್ನ ಮ್ಯಾಚಿಗೆ ಕೂರುವಾಗ ಬಸವಮ್ಮ ಅಭ್ಯಾಸಬಲದಿಂದ ವಿಭೂತಿ ಗಟ್ಟಿಗೆ ಬೆರಳೊತ್ತಿಕೊಂಡು ಬಂದಳು. ಡಬ್ಬದ ಹತ್ತಿರ ಕೈ ಚಾಚಿ ಅಲ್ಲೇ ನಿಲ್ಲಿಸಿದಳು. “ಇದ್ಕೆ ಬ್ಯಾಡ್ವಲ್ಲ,” ಎಂದು ಸೊಸೆಯ ಹಣೆಗೆ ಹಚ್ಚಿ, ಸ್ಟೂಲು ಎಳೆದುಕೊಂಡು ಕೂತಳು. “ನಂಗೂ ಕೇಳುಸು, ಅದೇನ್ ಜಗ್ಳವೋ ನೋಡ್ಮ.”

ಮಾಲಿನಿ ಇಯರ್‌ಫೋನಿನ ಒಂದು ತುದಿಯನ್ನು ಅತ್ತೆಯ ಕಿವಿಗೆ ಸಿಕ್ಕಿಸಿದಳು.

ಆಟ ಶುರುವಾಯಿತು. ದಿನವೂ ಅಂಟಿಕೊಳ್ಳುವ ಹೊತ್ತು ಬಂತು. ಚಿತ್ರ ನಿಲ್ಲಲಿಲ್ಲ. ಬಸವಮ್ಮ ಡಬ್ಬದ ಮೇಲೆ ಕೈಯಿಟ್ಟು, “ಬೆಚ್ಚಗದೆ ಅಷ್ಟೆಯ, ನೀ ಆಡು,” ಎಂದಳು. ಕಿವಿಯಲ್ಲಿ ಹುಡುಗಿಯರು ಮಾಲಿನಿಯಕ್ಕ ಬಲಕ್ಕೆ, ಮಾಲಿನಿಯಕ್ಕ ಬಾಗ್ಲು ಎಂದು ಕೂಗುತ್ತಲೇ ಇದ್ದರು. ಯಾವ್ಯಾವುದೋ ಊರಿನವರು ತನ್ನ ಸೊಸೆಯನ್ನು ನಂಬಿ ಕೂತಿರುವುದನ್ನು ಬಸವಮ್ಮ ಬಾಯಿ ತೆರೆದುಕೊಂಡು ಕೇಳಿದಳು. ಕೊನೆಯವರೆಗೂ ಬಾಗಿಲು ದಾಟಿ ಒಬ್ಬರೂ ಒಳಗೆ ಬರಲಿಲ್ಲ.

“ಫೈನಲ್‌ಗೆ ಬಾಗ್ಲು ನಿಮ್ದೇ ಅಕ್ಕ,” ಎಂದಳು ರಾಣಿ. “ಏನ್ ಮಾಡುದ್ರಿ, ಹೊಸ ಪಿಸಿ ತಕಂಡ್ರಾ?”

ಮಾಲಿನಿ ಬಾಯಿ ತೆರೆಯುವ ಮೊದಲೇ ಬಸವಮ್ಮ ವೈರಿನ ಮೈಕಿಗೆ ಬಗ್ಗಿದಳು. “ಇಲ್ಲ ಕಣವ್ವ, ಅಳೇದೆಯ. ನಾನು ಪೂಜೆ ನಿಲ್ಲುಸ್ದೆ.”

“ಯಾರು ಮಾತಾಡ್ತಿರೋದು?” ಎಂದು ರಾಣಿ ಕೇಳಿದಳು.

“ನಾನಾ?” ಬಸವಮ್ಮ ಸೆರಗು ಸರಿಮಾಡಿಕೊಂಡಳು. “ನಾನು ಮಾಲಿನಿಯೋರ ಅತ್ತೆ.”