ಮೇಜಿನ ಕೆಳಗಿನ ಖಾನೆ

"ಫರ್ನೇಸ್ ಯಾವಾಗ ನಿಂತುಹೋಯ್ತು ಅಮ್ಮಾ?" ಎಂದು ಥೆಲ್ಮಾ ಕೊವಾಲ್ಚುಕ್ ಫೋನಿನಲ್ಲಿ ಗಿರಾಕಿಯೊಬ್ಬಳನ್ನು ಕೇಳುತ್ತಿದ್ದಾಗಲೇ ಅವಳ ಮೊಣಕಾಲಿನ ಪಕ್ಕ, ಮೇಜಿನ ಕೆಳಗಿನ ಖಾನೆಯಲ್ಲಿ, ಬೆಕ್ಕು ಮರಿ ಹಾಕಲು ಶುರುಮಾಡಿತು.

ಸ್ನಾನದ ಮನೆಯಲ್ಲಿ ಅದಕ್ಕೆಂದೇ ಪೆಟ್ಟಿಗೆಯಿಟ್ಟು ಹಳೆಯ ಕಂಬಳಿ ಹಾಸಿದ್ದಳು. ಬಾಗಿಲು ಎಳೆದುಕೊಂಡು ಬಂದಿದ್ದಳು. ಅದು ಹೇಗೆ ಹೊರಬಿತ್ತೋ, ಯಾವಾಗ ಬಂದು ಅರೆತೆರೆದ ಖಾನೆಯೊಳಗೆ ಅವಳ ಉಣ್ಣೆಯ ಕೈಗವಸುಗಳ ಮೇಲೆ ಮಲಗಿತೋ ದೇವರೇ ಬಲ್ಲ. ಪೆರೋಗಿ ಎಂಬ ಕಡುಬಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಳು. ಬೆಣ್ಣೆಯಲ್ಲಿ ಕೆಂಪಗೆ ಹುರಿದ ಆಲೂಗಡ್ಡೆ ಕಡುಬಿನ ಬಣ್ಣ. ಹೊಟ್ಟೆ ಬಂದ ಮೇಲೆ ಆಕಾರವೂ ಕಡುಬಿನದೇ.

ಇವತ್ತೇ ಆಗಬೇಕಿತ್ತೇ ಇದು? ಮನೆ ಬಿಸಿಮಾಡುವ ಫರ್ನೇಸ್‌ಗಳ ರಿಪೇರಿ ಕಂಪನಿಗೆ ಅವಳು ಮನೆಯಿಂದಲೇ ಗಿರಾಕಿಗಳ ಕರೆ ತೆಗೆದುಕೊಳ್ಳುತ್ತಿದ್ದಳು. ಬ್ರಾಂಡನ್ ಪಟ್ಟಣದ ಕಚೇರಿಯಲ್ಲಿ ಮೇಲ್ವಿಚಾರಕ ಪೆನ್ನರ್ ಇವತ್ತು ಅವಳ ಕರೆಗಳಿಗೆ ಕಿವಿಗೊಟ್ಟು ಅಂಕ ಹಾಕಲು ಕೂತಿದ್ದ. ಮನೆಯ ಸದ್ದು ಗಿರಾಕಿಯ ಕಿವಿಗೆ ಬೀಳಬಾರದು ಎಂಬುದು ಕಂಪನಿಯ ಕಟ್ಟಪ್ಪಣೆ. ಅವಳ ಮುದಿ ನಾಯಿ ಮೇಜರ್, ಬೀದಿಯಲ್ಲಿ ಹಿಮ ತಳ್ಳುವ ಲಾರಿ ಬಂದಾಗಲೆಲ್ಲ ಮನೆ ಹಾರಿಹೋಗುವಂತೆ ಬೊಗಳಿ ಆಗಲೇ ಎರಡು ಸಲ ಎಚ್ಚರಿಕೆ ಕೊಡಿಸಿತ್ತು. ಮೂರನೆಯದಾದರೆ ಕಂಪ್ಯೂಟರು, ಹೆಡ್‌ಸೆಟ್ಟು ವಾಪಸು. ದಿನಾ ಬ್ರಾಂಡನ್ನಿಗೆ ಹೋಗಿ ಕೂರಬೇಕು. ಕಳೆದ ಚಳಿಗಾಲ ಅದೇ ರಸ್ತೆಯಲ್ಲಿ ಮಂಜುಗಡ್ಡೆಯ ಮೇಲೆ ಅವಳ ಕಾರು ಜಾರಿ, ಹಳ್ಳಕ್ಕೆ ಬಿದ್ದು, ತಲೆಕೆಳಗಾಗಿತ್ತು. ಯಾರೋ ಬಂದು ಕಿಟಕಿ ತಟ್ಟುವವರೆಗೆ ಅವಳು ಸೀಟ್‌ಬೆಲ್ಟಿನಲ್ಲಿ ನೇತಾಡುತ್ತಿದ್ದಳು. ಆಮೇಲೆ ಚಳಿಗಾಲದಲ್ಲಿ ಅವಳು ಸ್ಟೀರಿಂಗ್ ಮುಟ್ಟಿಲ್ಲ. ಮನೆಯಿಂದ ಮಾಡಿದರೆ ಈ ಕೆಲಸ, ಇಲ್ಲದಿದ್ದರೆ ಇಲ್ಲ.

ಅದಕ್ಕೇ ಬೆಳಿಗ್ಗೆಯೇ ಮೇಜರ್‌ಗೆ ಟೊಳ್ಳು ರಬ್ಬರ್ ಮೂಳೆಯೊಳಗೆ ಕಡಲೆಕಾಯಿ ಬೆಣ್ಣೆ ತುಂಬಿ, ಹೆಪ್ಪುಗಟ್ಟಿಸಿ, ಅಡುಗೆಮನೆಯಲ್ಲಿ ಕೊಟ್ಟು ಬಂದಿದ್ದಳು. ನೆಕ್ಕಿ ಮುಗಿಸಲು ಅದಕ್ಕೆ ಅರ್ಧ ಬೆಳಗು ಬೇಕು. ನಾಯಿಗೆ ಇಷ್ಟೆಲ್ಲ ಏರ್ಪಾಡು ಮಾಡಿದವಳಿಗೆ ಬೆಕ್ಕು ಹೀಗೆ ಕೈಕೊಟ್ಟಿತ್ತು.

"ಬೆಳಗಾಗೋ ಹೊತ್ತಿಗೆ ನಿಂತಿದೆ ಕಣಮ್ಮ," ಎಂದಿತು ಫೋನಿನ ದನಿ. ಸಿಗುರ್ಡ್‌ಸನ್ ಎಂಬ ಮುದುಕಿ. ಸರೋವರದ ಕಡೆಯ ಹಳೆಯ ಹೊಲದ ಮನೆಯಲ್ಲಿ ಒಬ್ಬಳೇ ಇದ್ದಾಳೆ. "ಅಡುಗೆಮನೇಲಿ ನಿಂತು ಉಸಿರು ಬಿಟ್ರೆ ಹೊಗೆ ಬರುತ್ತೆ. ಸಿಗರೇಟು ಬಿಟ್ಟು ಮೂವತ್ತು ವರ್ಷ ಆಯ್ತು, ಈಗ ಮತ್ತೆ ಶುರುವಾದ ಹಾಗಿದೆ."

ಥೆಲ್ಮಾ ನಕ್ಕಳು. ಇಂಥ ಕರೆಗೆ ಅವರ ಕಂಪನಿಯಲ್ಲಿ ಚಳಿ ಕರೆ ಎನ್ನುತ್ತಾರೆ. ಚಳಿ ಕರೆಯನ್ನು ಕಾಯಿಸುವಂತಿಲ್ಲ, ತನ್ನ ಕಡೆಯ ದನಿಯನ್ನು ಮ್ಯೂಟ್ ಒತ್ತಿ ಅಡಗಿಸುವಂತಿಲ್ಲ. ರಿಪೇರಿಯವನು ಹೊರಟೆ ಎಂದು ಕಂಪ್ಯೂಟರಿನ ತೆರೆಯ ಮೇಲೆ ಒಪ್ಪುವವರೆಗೂ ಮಾತಾಡಿಸುತ್ತಲೇ ಇರಬೇಕು. ತಣ್ಣಗಾಗುತ್ತಿರುವ ಮನೆಯಲ್ಲಿ ಕೂತವರಿಗೆ ತಾವು ಒಬ್ಬರೇ ಎನ್ನಿಸಬಾರದು. ಅವಳು ರಿಪೇರಿಯವನಿಗೆ ವಿಳಾಸ ಕಳಿಸಿದಳು. ಕಂಬಳಿ ಹೊದ್ದುಕೊಳ್ಳಿ ಎಂದಳು, ಒಲೆಯಿದೆಯೇ, ಕಟ್ಟಿಗೆಯಿದೆಯೇ ಎಂದು ಕೇಳಿದಳು. ಅಷ್ಟರಲ್ಲಿ ಕೆಳಗೆ ಮೊದಲ ಮರಿ ಬಂದಿತ್ತು. ಪೆರೋಗಿ ಅದನ್ನು ನೆಕ್ಕಿ ನೆಕ್ಕಿ ಹೊಟ್ಟೆಗೆ ಎಳೆದುಕೊಂಡಿತು. ಎರಡನೆಯದು ಬಂದಾಗ ಅದು ಇನ್ನೂ ಮೊದಲನೆಯದರಲ್ಲೇ ಮುಳುಗಿತ್ತು.

ಎರಡನೆಯದು ಪೊರೆಯೊಳಗೇ ಬಿದ್ದಿತ್ತು. ಕಪ್ಪಗೆ, ಒದ್ದೆಯಾಗಿ, ಮಿಸುಕದೆ. ಥೆಲ್ಮಾ ಮಾತಾಡುತ್ತಲೇ ಬಗ್ಗಿದಳು. ಪೊರೆ ಹರಿದು ಕೈಗೆತ್ತಿಕೊಂಡಳು. ಅಂಗೈ ತುಂಬದಷ್ಟು ಪುಟ್ಟದು, ಬೆರಳ ಸಂದಿಯಿಂದ ತಲೆ ಜೋತುಬಿತ್ತು. ಅವಳ ಮಾತು ನಿಂತೇಹೋಯಿತು.

"ಏನಾಯ್ತು? ಇದೀಯೇನಮ್ಮ?"

ಏನೋ ಒಂದು ಸುಳ್ಳು ಹೇಳಬಹುದಿತ್ತು. ಲೈನಿನಲ್ಲಿ ಪೆನ್ನರ್ ಕಿವಿಗೊಟ್ಟು ಕೂತಿದ್ದಾನೆ. ಆದರೆ ಸುಳ್ಳು ಹುಡುಕುವಷ್ಟು ತಾಳ್ಮೆ ಥೆಲ್ಮಾಳಿಗೆ ಹುಟ್ಟಿನಿಂದಲೇ ಇರಲಿಲ್ಲ.

"ನನ್ನ ಬೆಕ್ಕು ಮರಿ ಹಾಕ್ತಾ ಇದೆ ಅಮ್ಮಾ. ಒಂದು ಮರಿ ಉಸಿರಾಡ್ತಾ ಇಲ್ಲ."

ಹೋಯಿತು ಕೆಲಸ ಎಂದುಕೊಂಡಳು. ಕೈ ಮಾತ್ರ ಆಗಲೇ ಒರಟು ಟವೆಲನ್ನು ಎಳೆದುಕೊಂಡಿತ್ತು.

"ಮೂತಿ ಒರೆಸು," ಎಂದಳು ಮುದುಕಿ ತಟ್ಟನೆ. ಚಳಿಗೆ ನಡುಗುತ್ತಿದ್ದ ದನಿ ಈಗ ನೆಟ್ಟಗಾಗಿತ್ತು. "ತಲೆ ಕೆಳಗೆ ಮಾಡಿ ಹಿಡ್ಕೊ. ಬೆನ್ನು ಉಜ್ಜು. ಮುದ್ದು ಮಾಡ್ಬೇಡ, ಉಜ್ಜು!"

"ಉಜ್ತಾ ಇದೀನಿ."

"ಇನ್ನೂ ಜೋರಾಗಿ. ಅವರಮ್ಮನ ನಾಲಿಗೆ ಎಷ್ಟು ಒರಟು ಅಂದ್ಕೊಂಡಿದೀಯ?"

ಥೆಲ್ಮಾ ಉಜ್ಜಿದಳು. ಹೆಡ್‌ಸೆಟ್ಟಿನಲ್ಲಿ ಯಾವ ಸದ್ದೂ ಇರಲಿಲ್ಲ. ಮುದುಕಿ ಉಸಿರು ಬಿಗಿಹಿಡಿದಿದ್ದು ಗೊತ್ತಾಗುತ್ತಿತ್ತು. ಫೋನಿನಲ್ಲಿ ಇಂಥ ಮೌನವನ್ನು ಅವಳು ಇಷ್ಟು ವರ್ಷಗಳಲ್ಲಿ ಕೇಳಿರಲಿಲ್ಲ. ಬೈಯುವವರ, ಅಳುವವರ, ಕಾದು ಕಾದು ಬೇಸತ್ತವರ ಮೌನ ಅವಳಿಗೆ ಗೊತ್ತು. ಇದು ಅದಲ್ಲ. ಕಿಟಕಿಯಾಚೆ ಹಿಮ ಹೊದ್ದ ಬಯಲು ಕಣ್ಣು ಹಾಯುವಷ್ಟು ದೂರ ಹೋಗಿತ್ತು, ಅದೂ ಕಿವಿಗೊಟ್ಟು ನಿಂತಂತೆ ಕಂಡಿತು.

"ಬಂತಾ?" ಎಂದಿತು ಒಂದು ಗಂಡು ದನಿ. "ಉಸಿರು ಬಂತಾ?"

ಥೆಲ್ಮಾಳ ಕೈ ಒಂದು ಕ್ಷಣ ತಡೆಯಿತು. ಪೆನ್ನರ್! ಕೇಳುವವರು ಕೇಳಬೇಕು ಅಷ್ಟೇ, ಕೆಮ್ಮಲೂ ಕೂಡದು. ತಮ್ಮ ದನಿ ಅಡಗಿಸಿಕೊಂಡೇ ಕೂರಬೇಕು. ಈ ನಿಯಮವನ್ನು ಅವಳಿಗೆ ಹೇಳಿಕೊಟ್ಟವನೇ ಅವನು.

ಆಗ ಅವಳ ಬೆರಳುಗಳ ನಡುವೆ ಏನೋ ಮಿಡಿಯಿತು. ಪಕ್ಕೆ ಒಮ್ಮೆ ಒಳಗೆ ಹೋಯಿತು. ಆಮೇಲೆ ಏನೂ ಇಲ್ಲ. ಮತ್ತೆ ಒಳಗೆ ಹೋಯಿತು. ಗುಲಾಬಿ ಬಾಯಿ ತೆರೆಯಿತು. ದಾರದಂಥ ಒಂದು ಕೂಗು ಹೊರಟಿತು.

"ಅಯ್ಯೋ ನನ್ನಪ್ಪನೇ," ಎಂದಳು ಮುದುಕಿ. "ಕೇಳಿಸ್ತು ಕಣೇ, ಇಲ್ಲಿಗೂ ಕೇಳಿಸ್ತು!"

ಇಷ್ಟು ಹೊತ್ತು ಇಲ್ಲದೇ ಇದ್ದದ್ದು ಈಗ ಇತ್ತು. ಎಲ್ಲಿಂದ ಬಂತು? ಈ ಟವೆಲಿನಿಂದ ಬಂದದ್ದಲ್ಲ ಎಂಬುದಷ್ಟೇ ಥೆಲ್ಮಾಳಿಗೆ ಗೊತ್ತಿತ್ತು. ಅವಳ ತೋಳಿನ ಕೂದಲು ಎದ್ದು ನಿಂತಿತ್ತು.

"ಅದ್ಸರಿ, ಆ ಗಂಡಸು ಯಾರು?" ಎಂದಳು ಮುದುಕಿ.

"ನಮ್ಮ ಮೇಲಿನವರು."

"ಕೆಲಸ ಇಲ್ವಾ ಅವನಿಗೆ?"

"ನಾವು ಮಾತಾಡೋದನ್ನ ಕೇಳೋದೇ ಅವರ ಕೆಲಸ ಅಮ್ಮಾ."

"ಬಿಡು, ಇವತ್ತು ಕೂಲಿ ಗಿಟ್ಟಿತು ಅವನಿಗೆ."

ತೆರೆಯ ಮೇಲೆ ರಿಪೇರಿಯವನ ಹೆಸರು ಹಸಿರಾಯಿತು. ಅರ್ಧ ಗಂಟೆಯಲ್ಲಿ ಬರುತ್ತಾನೆ ಎಂದು ಹೇಳಿದಳು. "ಬರಲಿ ಬಿಡು, ನನಗೆ ಚಳೀನೇ ಮರೆತುಹೋಯ್ತು," ಎಂದು ಮುದುಕಿ ಫೋನಿಟ್ಟಳು.

ಮರಿಯನ್ನು ತಾಯಿಯ ಹೊಟ್ಟೆಗೆ ಒತ್ತಿ ಇಟ್ಟಳೋ ಇಲ್ಲವೋ, ಪೆನ್ನರ್ ಲೈನಿಗೆ ಬಂದ.

"ಥೆಲ್ಮಾ, ಮ್ಯೂಟ್ ಒತ್ತೋದು ಮರೆತಿದ್ದೆ."

"ಗೊತ್ತಾಯ್ತು."

"ನಮ್ಮ ಮನೇಲಿ ಕುರಿ ಇದ್ವು. ಚಿಕ್ಕೋನಿದ್ದಾಗ ಇಂಥದು ಎಷ್ಟೋ..." ಮಾತು ಅರ್ಧಕ್ಕೆ ಬಿಟ್ಟ. "ನೋಡಿ, ಕೇಳೋನು ಬಾಯಿಬಿಟ್ಟ ಕರೆಗೆ ಅಂಕ ಹಾಕೋ ಹಾಗಿಲ್ಲ. ಮುಂದಿನದಕ್ಕೆ ಹಾಕ್ತೀನಿ. ಆದ್ರೆ ಅದರಲ್ಲಿ ನಾಯಿ ಬೊಗಳ್ತು ಅಂದ್ರೆ ನನ್ನ ಕೈಲಿ ಏನೂ ಇಲ್ಲ."

"ಬೊಗಳಿದ್ರೆ ಬರ್ಕೊಳ್ಳಪ್ಪ. ನಾನೇನು ನಿನ್ನ ಕಾಲು ಹಿಡೀತೀನಾ?"

"ನೀವು ಹಿಡಿಯೋರಲ್ಲ ಅಂತ ಇಡೀ ಆಫೀಸಿಗೇ ಗೊತ್ತು." ಆಮೇಲೆ, "ಮರಿ ಯಾವ ಬಣ್ಣ?" ಎಂದ.

"ಕಪ್ಪು. ಒಂದು ಪಾದ ಮಾತ್ರ ಬಿಳಿ."

ಮುಂದಿನ ಕರೆ ಬಂತು. ಬಿಲ್ಲಿನ ತಕರಾರು. ಮೊದಲ ಮಾತಿಗೇ ಜಗಳಕ್ಕೆ ನಿಂತ ಮನುಷ್ಯ. ಥೆಲ್ಮಾ ಹಲ್ಲು ಕಚ್ಚಿಕೊಂಡು "ಹೇಳಿ ಸರ್" ಎಂದಳು. ಆಗಲೇ ಅಡುಗೆಮನೆಯ ಹಲಗೆಯ ನೆಲದ ಮೇಲೆ ಉಗುರುಗಳ ಸದ್ದಾಯಿತು. ಮೂಳೆ ಬಿಟ್ಟು ಮೇಜರ್ ಎದ್ದುಬಂದಿತ್ತು. ಬಾಗಿಲಲ್ಲಿ ನಿಂತು ಮೂಗು ಎತ್ತಿ ಗಾಳಿ ಹಿಡಿಯಿತು. ಬೀದಿಯ ತುದಿಯಿಂದ, ಅದೇ ಹೊತ್ತಿಗೆ, ಹಿಮ ತಳ್ಳುವ ಲಾರಿಯ ಗುಡುಗು ಶುರುವಾಯಿತು.

ಅವಳು ಕೈಸನ್ನೆ ಮಾಡಿದಳು. ನಾಯಿ ಅವಳತ್ತ ನೋಡಲೇ ಇಲ್ಲ. ನೇರ ಖಾನೆಯ ಬಳಿ ಬಂದು ಒಳಗೆ ಇಣುಕಿತು. ಪೆರೋಗಿ ತಲೆಯೆತ್ತಿ ನೋಡಿತೇ ಹೊರತು ಹೆದರಿಸಲಿಲ್ಲ.

ಲಾರಿ ಹತ್ತಿರ ಬಂತು. ಅದರ ದೀಪದ ಹಳದಿ ಬೆಳಕು ಚಾವಣಿಯ ಮೇಲೆ ತಿರುಗಿತು, ಗೋಡೆಯ ಮೇಲೆ ತಿರುಗಿತು. ಕಬ್ಬಿಣದ ಹಲಗೆ ರಸ್ತೆಗೆ ಉಜ್ಜಿ ಕಿರುಚಿತು. ಮೇಜರ್‌ನ ಕಿವಿ ನಿಮಿರಿದವು, ಎದೆ ಉಬ್ಬಿತು, ತುಟಿ ನಡುಗಿತು. ಅದು ಕಿಟಕಿಯನ್ನು ನೋಡಿತು. ಖಾನೆಯನ್ನು ನೋಡಿತು.

ಆಮೇಲೆ ಬಾಯಿ ಮುಚ್ಚಿಕೊಂಡು, ಗದ್ದವನ್ನು ಖಾನೆಯ ಅಂಚಿನ ಮೇಲೆ ಮೆಲ್ಲಗೆ ಇಟ್ಟಿತು.

"ಕೇಳಿಸ್ತಿದೆಯೇನ್ರೀ?" ಎಂದು ಗಿರಾಕಿ ಗದರಿದ.

"ಕೇಳಿಸ್ತಿದೆ ಸರ್," ಎಂದಳು ಥೆಲ್ಮಾ, ಬಹಳ ಮೆತ್ತಗೆ. ಲಾರಿ ಮನೆಯ ಮುಂದೆ ಹಾದುಹೋಗುತ್ತಿತ್ತು. ಕಿಟಕಿಯ ಗಾಜು ಅದುರುತ್ತಿತ್ತು. ಒಳಗೆ, ಉಣ್ಣೆಯ ಕೈಗವಸುಗಳ ನಡುವೆ, ಮುದಿ ನಾಯಿಯ ಉಸಿರು ತಾಕಿದಾಗಲೆಲ್ಲ ಇನ್ನೂ ಪೂರ್ತಿ ಒಣಗಿರದ ಕಪ್ಪು ಕೂದಲು ಒಮ್ಮೆ ಏಳುತ್ತಿತ್ತು, ಒಮ್ಮೆ ಮಲಗುತ್ತಿತ್ತು.